‘ಬಂದೆ ಬಂದೆ’ ಅನ್ನುವುದು ಇಂಗ್ಲಿಷಿನಲ್ಲಿ ‘ಕಮಿಂಗ್’ ಆಗುವುದು ಯಾಕೆ?

ಯಾರೋ ಹೊರಗಿನಿಂದ ಕರೆಯುತ್ತಾರೆ. ನಾವಿನ್ನೂ ಒಳಗೇ ಇದ್ದೇವೆ, ಚಪ್ಪಲಿ ಕೂಡ ಹಾಕಿಲ್ಲ. ಆದರೂ ‘ಬಂದೆ, ಬಂದೆ’ ಎಂದು ಕೂಗುತ್ತೇವೆ. ‘ಬಂದೆ’ ಅನ್ನುವುದು ಭೂತಕಾಲ. ಬರುವ ಕೆಲಸ ಇನ್ನೂ ಶುರುವೇ ಆಗಿಲ್ಲ. ಆದರೂ ಕೇಳಿದವರಿಗೆ ಒಂದಿಷ್ಟೂ ಗೊಂದಲವಾಗುವುದಿಲ್ಲ. ಇದನ್ನೇ ಇಂಗ್ಲಿಷಿನಲ್ಲಿ ‘ಐ ಕೇಮ್’ ಎಂದರೆ ಕೇಳಿದವರು ಸುತ್ತಲೂ ನೋಡುತ್ತಾರೆ, ಎಲ್ಲಿ ಬಂದಿದ್ದೀರಿ ಎಂದು. ಅಲ್ಲಿ ಹೇಳಬೇಕಾದದ್ದು ‘ಐ ಆಮ್ ಕಮಿಂಗ್’. ವರ್ತಮಾನ.

ಇಂಗ್ಲಿಷಿನ ಕಾಲಗಳು ಕಷ್ಟ ಎಂದು ಹೇಳುವವರಿಗೆ ನಾನು ಮೊದಲು ತೋರಿಸುವುದು ಈ ‘ಬಂದೆ’ಯನ್ನೇ. ಯಾಕೆಂದರೆ ಕಷ್ಟ ಇರುವುದು ಕ್ರಿಯಾಪದದ ಪಟ್ಟಿಯಲ್ಲಿ ಅಲ್ಲ. ‘ಗೋ’ಗೆ ‘ವೆಂಟ್’, ‘ಸೀ’ಗೆ ‘ಸಾ’ ಎಂದು ಬಾಯಿಪಾಠ ಮಾಡಿದವರೂ ಮಾತಿಗೆ ನಿಂತಾಗ ತಪ್ಪುತ್ತಾರೆ. ರೂಪ ಗೊತ್ತಿರುತ್ತದೆ. ಯಾವುದನ್ನು ಆರಿಸಬೇಕು ಅನ್ನುವುದೇ ಗೊತ್ತಿರುವುದಿಲ್ಲ. ಗಡಿಯಾರ ನೋಡಿ ಆರಿಸಲು ಹೋದರೆ ಕೈಕೊಡುತ್ತದೆ. ಭೂತಕಾಲ ಎಂದರೆ ಆಗಿಹೋದದ್ದು, ವರ್ತಮಾನ ಎಂದರೆ ಈಗ ಆಗುತ್ತಿರುವುದು ಎಂಬ ಪಾಠ ಕನ್ನಡಕ್ಕೂ ಪೂರ್ತಿ ಹೊಂದುವುದಿಲ್ಲ, ಇಂಗ್ಲಿಷಿಗೂ ಹೊಂದುವುದಿಲ್ಲ. ಹೊಂದದೇ ಇರುವ ಜಾಗಗಳು ಎರಡು ಭಾಷೆಗಳಲ್ಲಿ ಬೇರೆ ಬೇರೆ. ನಾವು ಎಡವುವುದು ಅಲ್ಲೇ.

‘ಆಯ್ತು’ ಎಂಬ ಮಾತು

ದಿನಾ ಆಡುವ ಕೆಲವು ಮಾತು ನೋಡಿ. ಹಸಿವಾಯ್ತು. ಸುಸ್ತಾಯ್ತು. ತಡವಾಯ್ತು. ಅರ್ಥ ಆಯ್ತು. ಗಂಟೆ ಎಷ್ಟಾಯ್ತು? ಎಲ್ಲವೂ ಭೂತಕಾಲ. ಆದರೆ ಹೇಳುತ್ತಿರುವುದು ಈಗಿನ ಸ್ಥಿತಿಯನ್ನು. ಹೊಟ್ಟೆ ಹಸಿದಿರುವುದು ಈಗ, ದಣಿದಿರುವುದು ಈಗ. ಇಂಗ್ಲಿಷ್ ಇವೆಲ್ಲಕ್ಕೂ ವರ್ತಮಾನವನ್ನೇ ಬಳಸುತ್ತದೆ: ‘ಐ ಆಮ್ ಹಂಗ್ರಿ’, ‘ಐ ಆಮ್ ಟೈರ್ಡ್’, ‘ಐ ಆಮ್ ಲೇಟ್’, ‘ಐ ಅಂಡರ್‌ಸ್ಟ್ಯಾಂಡ್’, ‘ವಾಟ್ ಟೈಮ್ ಈಸ್ ಇಟ್?’

ಯಾಕೆ ಹೀಗೆ? ಕನ್ನಡ ಹೊಸ್ತಿಲು ದಾಟಿದ ಗಳಿಗೆಯನ್ನು ಹಿಡಿಯುತ್ತದೆ. ಹಸಿವು ಇರಲಿಲ್ಲ, ಈಗ ‘ಆಯ್ತು’. ದಾಟುವ ಕೆಲಸ ಮುಗಿದದ್ದರಿಂದ ಭೂತಕಾಲ ಸಹಜ. ಇಂಗ್ಲಿಷ್ ಹೊಸ್ತಿಲನ್ನು ಬಿಟ್ಟು, ದಾಟಿದ ಮೇಲೆ ನೀವು ಎಲ್ಲಿ ನಿಂತಿದ್ದೀರಿ ಎಂದು ನೋಡುತ್ತದೆ. ನಿಂತಿರುವುದು ಈಗ, ಹಾಗಾಗಿ ವರ್ತಮಾನ. ‘ಬಂದೆ’ಯ ಗುಟ್ಟೂ ಹೆಚ್ಚು ಕಡಿಮೆ ಇದೇ. ಮನಸ್ಸಿನಲ್ಲಿ ಹೊರಟದ್ದು ಆಗಿದೆ, ಕನ್ನಡಕ್ಕೆ ಅಷ್ಟು ಸಾಕು.

‘ಐ ಗಾಟ್ ಟೈರ್ಡ್’ ಎಂಬ ವಾಕ್ಯವೂ ಇಂಗ್ಲಿಷಿನಲ್ಲಿದೆ, ವ್ಯಾಕರಣ ಸರಿಯಾಗಿಯೇ ಇದೆ. ಆದರೆ ಅದು ಆವತ್ತಿನ ಕಥೆ: ಅಷ್ಟು ದೂರ ನಡೆದೆವು, ನನಗೆ ಸುಸ್ತಾಯಿತು, ಕೂತುಕೊಂಡೆ. ಈಗಿನ ದಣಿವನ್ನು ಹೇಳಲು ಅದನ್ನು ಬಳಸಿದರೆ ಕೇಳುವವರು ಮುಂದೆ ಏನಾಯ್ತು ಎಂದು ಕಾಯುತ್ತಾರೆ. ಇನ್ನೊಂದು ಮಾತು. ಯಾರಾದರೂ ಒಪ್ಪಿಗೆಯಾಗಿ ‘ಅಂಡರ್‌ಸ್ಟುಡ್’ ಎಂದು ಒಂದೇ ಪದ ಹೇಳುವುದನ್ನು ನೀವು ಕೇಳಿರಬಹುದು. ಅದು ಭೂತಕಾಲವಲ್ಲ. ‘ಅದು ಅರ್ಥವಾಗಿದೆ’ ಎಂಬುದರ ಮೊಟಕು ರೂಪ. ಅದನ್ನು ನಂಬಿಕೊಂಡು ‘ಐ ಅಂಡರ್‌ಸ್ಟುಡ್’ ಎಂದು ಪೂರ್ತಿ ವಾಕ್ಯ ಮಾಡಿದರೆ, ಆವಾಗ ಅರ್ಥವಾಗಿತ್ತು ಎಂಬ ಅರ್ಥ ಬರುತ್ತದೆ.

ಹಾಗಾಗಿ ‘ಆಯ್ತು’ ಬಾಯಿಗೆ ಬಂದಾಗಲೆಲ್ಲ ಒಂದು ಕ್ಷಣ ನಿಂತು ಕೇಳಿಕೊಳ್ಳಿ. ನಾನು ಹೇಳುತ್ತಿರುವುದು ಒಂದು ಘಟನೆಯನ್ನೋ, ಈಗ ಇರುವ ಸ್ಥಿತಿಯನ್ನೋ? ಸ್ಥಿತಿಯಾದರೆ ‘ಆಮ್’, ‘ಈಸ್’, ‘ಆರ್’ ಕಡೆ ಹೋಗಿ. ಈ ಒಂದು ಅಭ್ಯಾಸದಿಂದಲೇ ಬಹಳ ತಪ್ಪುಗಳು ಉದುರಿಹೋಗುತ್ತವೆ.

ಹನ್ನೆರಡಲ್ಲ, ಎರಡು

ಶಾಲೆಯಲ್ಲಿ ಹನ್ನೆರಡು ಕಾಲಗಳ ಚಾರ್ಟ್ ಕಲಿಸುತ್ತಾರೆ. ಮೂರು ಕಾಲ, ಒಂದೊಂದಕ್ಕೂ ನಾಲ್ಕು ರೂಪ. ಆ ಚಾರ್ಟ್ ಉಪಯೋಗಕ್ಕೆ ಬರುತ್ತದೆ, ಆದರೆ ಹೆದರಿಸುತ್ತದೆ ಕೂಡ. ಕ್ರಿಯಾಪದದ ರೂಪವನ್ನಷ್ಟೇ ನೋಡಿದರೆ ಇಂಗ್ಲಿಷಿನಲ್ಲಿ ಕಾಲಗಳು ಎರಡೇ. ‘ವಾಕ್’, ‘ವಾಕ್ಸ್’ ಒಂದು. ‘ವಾಕ್ಡ್’ ಇನ್ನೊಂದು. ಭವಿಷ್ಯಕ್ಕೆ ಕ್ರಿಯಾಪದ ರೂಪ ಬದಲಿಸುವುದೇ ಇಲ್ಲ, ‘ವಿಲ್’ ಎಂಬ ಬೇರೊಂದು ಪದವನ್ನು ಮುಂದೆ ತಂದು ನಿಲ್ಲಿಸುತ್ತದೆ. ಭಾಷಾವಿಜ್ಞಾನಿಗಳಲ್ಲಿ ಅನೇಕರು ಇಂಗ್ಲಿಷಿಗೆ ಭವಿಷ್ಯತ್ ಕಾಲವೇ ಇಲ್ಲ ಎನ್ನುವುದು ಈ ಕಾರಣಕ್ಕೆ.

ಇದು ನಮಗೆ ಹೊಸದೇನಲ್ಲ. ‘ಅವನು ದಿನಾ ಬರುತ್ತಾನೆ’, ‘ಅವನು ನಾಳೆ ಬರುತ್ತಾನೆ’. ಎರಡಕ್ಕೂ ಒಂದೇ ‘ಬರುತ್ತಾನೆ’. ನಮ್ಮ ಮಾತಿನಲ್ಲೂ ನಿಜವಾದ ಗೆರೆ ಇರುವುದು ‘ಬಂದ’ ಮತ್ತು ‘ಬರುತ್ತಾನೆ’ಗಳ ನಡುವೆ. ಹಾಗಾಗಿ ಇಂಗ್ಲಿಷ್ ವಾಕ್ಯ ಕಟ್ಟುವಾಗ ಹನ್ನೆರಡು ಮನೆಗಳಲ್ಲಿ ಯಾವುದು ಎಂದು ಹುಡುಕಬೇಡಿ. ಮೊದಲು ಒಂದೇ ತೀರ್ಮಾನ ಮಾಡಿ: ಗೆರೆಯ ಆಚೆಯೋ, ಈಚೆಯೋ? ಉಳಿದದ್ದು ಆಮೇಲೆ.

ಬೇಲಿ ಹಾಕಿದ ಸಮಯ

ಗೆರೆಯ ಆಚೆ ಎಂದರೆ ಏನು? ನಾನು ಅದನ್ನು ಬೇಲಿ ಎಂದು ಯೋಚಿಸುತ್ತೇನೆ. ನಿನ್ನೆ, ಹೋದ ವಾರ, 2010ರಲ್ಲಿ, ನಾನು ಚಿಕ್ಕವನಿದ್ದಾಗ. ಈ ಸಮಯಗಳಿಗೆಲ್ಲ ಬೇಲಿ ಇದೆ, ಅವು ಮುಗಿದಿವೆ. ಬೇಲಿಯ ಒಳಗಿನ ಘಟನೆಗೆ ಭೂತಕಾಲ: ‘ಐ ಸಾ ಹರ್ ಯೆಸ್ಟರ್‌ಡೇ’.

ಬೇಲಿ ಇಲ್ಲದೆ, ಆಗಿಹೋದ ವಿಷಯ ಇವತ್ತಿಗೂ ತಾಗುವಂತೆ ಹೇಳಬೇಕಾದರೆ ‘ಹ್ಯಾವ್’ ಬರುತ್ತದೆ: ‘ಐ ಹ್ಯಾವ್ ಸೀನ್ ಹರ್’. ಅವಳನ್ನು ನೋಡಿದ್ದೇನೆ, ಯಾವಾಗ ಎನ್ನುವುದು ಇಲ್ಲಿ ಮುಖ್ಯವಲ್ಲ. ಈ ರೂಪದ ಹೆಸರಲ್ಲೇ ‘ಪ್ರೆಸೆಂಟ್’ ಇದೆ, ‘ಪ್ರೆಸೆಂಟ್ ಪರ್ಫೆಕ್ಟ್’ ಎಂದು. ‘ಹ್ಯಾವ್’ ವರ್ತಮಾನದ ರೂಪವೇ. ಅಂದರೆ ಇಂಗ್ಲಿಷ್ ಇದನ್ನು ಗೆರೆಯ ಈಚೆಗೆ ಇಟ್ಟಿದೆ. ಹಾಗಾಗಿಯೇ ‘ಐ ಹ್ಯಾವ್ ಸೀನ್ ಹರ್ ಯೆಸ್ಟರ್‌ಡೇ’ ತಪ್ಪಾಗುತ್ತದೆ. ಒಂದು ಕಾಲು ಈಚೆ, ಒಂದು ಕಾಲು ಬೇಲಿಯ ಒಳಗೆ. ಕನ್ನಡಕ್ಕೆ ಈ ಕಟ್ಟುಪಾಡು ಇಲ್ಲ. ‘ನಿನ್ನೆಯೇ ಕಳಿಸಿದ್ದೇನೆ’ ಎಂದು ನಾವು ಧಾರಾಳವಾಗಿ ಹೇಳುತ್ತೇವೆ. ಅದನ್ನು ಹಾಗೇ ತಿರುಗಿಸಿ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂದು ಎಷ್ಟು ಪತ್ರಗಳಲ್ಲಿ ಬರೆದಿದ್ದೇವೋ! ‘ನಿನ್ನೆ’ ಬೇಕಿದ್ದರೆ ‘ಐ ಸೆಂಟ್’. ಕಳಿಸಿದ್ದಾಗಿದೆ ಎಂದಷ್ಟೇ ಹೇಳಬೇಕಿದ್ದರೆ ‘ಐ ಹ್ಯಾವ್ ಸೆಂಟ್’, ನಿನ್ನೆಯನ್ನು ಬಿಟ್ಟುಬಿಡಿ.

ಇದರ ಪಕ್ಕದಲ್ಲೇ ಇನ್ನೊಂದು ಗುಂಡಿ ಇದೆ. ‘ಐದು ವರ್ಷದಿಂದ ಇಲ್ಲೇ ಇದ್ದೇನೆ’ ಅನ್ನುವುದು ಕನ್ನಡದಲ್ಲಿ ಸರಿ. ‘ಐ ಆಮ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಇಂಗ್ಲಿಷಿನಲ್ಲಿ ಸರಿಯಲ್ಲ. ಹಿಂದೆ ಶುರುವಾಗಿ ಇವತ್ತಿನವರೆಗೂ ನಡೆದುಬಂದದ್ದಕ್ಕೆ ಇಂಗ್ಲಿಷ್ ಬರೀ ವರ್ತಮಾನವನ್ನು ಒಪ್ಪುವುದಿಲ್ಲ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಫೈವ್ ಇಯರ್ಸ್’ ಎನ್ನಬೇಕು. ಈಗ ಈ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ: ‘ಐ ಲಿವ್ಡ್ ದೇರ್ ಫಾರ್ ಟೆನ್ ಇಯರ್ಸ್’, ‘ಐ ಹ್ಯಾವ್ ಲಿವ್ಡ್ ಹಿಯರ್ ಫಾರ್ ಟೆನ್ ಇಯರ್ಸ್’. ಮೊದಲನೆಯವರು ಆ ಊರು ಬಿಟ್ಟಿದ್ದಾರೆ. ಎರಡನೆಯವರು ಇನ್ನೂ ಅಲ್ಲೇ ಇದ್ದಾರೆ. ಹತ್ತು ವರ್ಷ ಎರಡರಲ್ಲೂ ಇದೆ. ಊರು ಬಿಟ್ಟರೋ ಇಲ್ಲವೋ ಎಂದು ತಿಳಿಸುತ್ತಿರುವುದು ಆ ಒಂದು ‘ಹ್ಯಾವ್’.

‘ವಾಸ್’ ಎಂದರೆ ಈಗಿಲ್ಲ ಎಂದಲ್ಲ

ಭೂತಕಾಲದ ಬಗ್ಗೆ ಜಾಸ್ತಿ ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ‘ದ ಹೌಸ್ ವಾಸ್ ನಿಯರ್ ಅ ರಿವರ್’. ಮನೆ ನದಿಯ ಹತ್ತಿರ ಇತ್ತು. ಮನೆ ಈಗಲೂ ಅಲ್ಲೇ ಇದೆ, ನದಿಯೂ ಇದೆ. ಮತ್ತೆ ‘ವಾಸ್’ ಯಾಕೆ? ನಾವು ಆ ಮನೆಗೆ ಹೋಗಿದ್ದ ದಿನಗಳ ಕಥೆ ಹೇಳುತ್ತಿದ್ದೇವೆ. ಕಥೆಗೆ ಬೇಲಿ ಇದೆ. ಆ ಬೇಲಿಯ ಒಳಗೆ ಕಂಡ ಮನೆ, ನದಿ, ಮನುಷ್ಯರು, ಹವಾಮಾನ ಎಲ್ಲವೂ ಭೂತಕಾಲದ ಬಣ್ಣ ಹಚ್ಚಿಕೊಳ್ಳುತ್ತವೆ. ಕನ್ನಡದಲ್ಲೂ ಹೀಗೇ ಅಲ್ವಾ? ‘ನಿನ್ನೆ ಒಬ್ಬರು ಸಿಕ್ಕಿದ್ದರು, ತುಂಬ ಎತ್ತರ ಇದ್ದರು’ ಎನ್ನುತ್ತೇವೆ. ಅವರು ಇವತ್ತು ಗಿಡ್ಡ ಆಗಿದ್ದಾರೆ ಎಂದು ಯಾರೂ ತಿಳಿಯುವುದಿಲ್ಲ.

ಕಥೆಯ ಚೌಕಟ್ಟು ಇಲ್ಲದಿದ್ದಾಗ ಮಾತ್ರ ಎಚ್ಚರ ಬೇಕು. ಯಾರದೋ ಮಾತು ಬಂದಾಗ ಸುಮ್ನೆ ‘ಹಿ ವಾಸ್ ಅ ಗುಡ್ ಮ್ಯಾನ್’ ಎಂದುಬಿಟ್ಟರೆ, ಕೇಳಿದವರು ಅವರು ತೀರಿಕೊಂಡಿದ್ದಾರೆ ಎಂದುಕೊಳ್ಳಬಹುದು. ಬೇರೆ ಯಾವ ಬೇಲಿಯನ್ನೂ ನೀವು ತೋರಿಸಿಲ್ಲ. ಹಾಗಾಗಿ ಉಳಿದಿರುವ ದೊಡ್ಡ ಬೇಲಿಯನ್ನು, ಅವರ ಇಡೀ ಬದುಕನ್ನು, ಕೇಳಿದವರೇ ಹಾಕಿಕೊಳ್ಳುತ್ತಾರೆ. ‘ಹಿ ವಾಸ್ ವೆರಿ ಕೈಂಡ್ ಟು ಮಿ ವೆನ್ ಐ ಜಾಯಿನ್ಡ್’ ಎಂದರೆ ಆ ಭಯವಿಲ್ಲ. ನಾನು ಸೇರಿದಾಗ ಎಂಬ ಚಿಕ್ಕ ಬೇಲಿ ಅಲ್ಲೇ ಕಾಣುತ್ತದೆ. ಬದುಕಿರುವವರ ಬಗ್ಗೆ ಬರೆಯುವಾಗ ಈ ಒಂದು ತುಂಡನ್ನು ಮರೆಯಬೇಡಿ. ಓದುವವರ ಮನಸ್ಸಿಗೆ ಬೇಡದ ಗಾಬರಿ ತಪ್ಪುತ್ತದೆ.

ವರ್ತಮಾನಕ್ಕೆ ‘ಈಗ’ ಬೇಕಾಗಿಲ್ಲ

ಇನ್ನು ಗೆರೆಯ ಈಚೆ. ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ‘ವಾಟರ್ ಬಾಯ್ಲ್ಸ್’. ಈ ಕ್ಷಣದಲ್ಲಿ ಎಲ್ಲೂ ನೀರು ಕುದಿಯದಿದ್ದರೂ ಆ ವಾಕ್ಯ ನಿಜ. ಸರಳ ವರ್ತಮಾನ ಹೇಳುವುದು ‘ಈಗ’ ಎಂದಲ್ಲ, ‘ಬೇಲಿ ಇಲ್ಲ’ ಎಂದು. ಅಭ್ಯಾಸ, ನಿಯಮ, ಸ್ವಭಾವ, ವೇಳಾಪಟ್ಟಿ ಎಲ್ಲ ಅದರಲ್ಲಿ ಸೇರುತ್ತವೆ. ‘ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ’ ನಾಳೆಯ ಮಾತು, ಆದರೂ ವರ್ತಮಾನ. ಈ ಕ್ಷಣದಲ್ಲೇ ನಡೆಯುತ್ತಿರುವುದಕ್ಕೆ ಸಾಮಾನ್ಯವಾಗಿ ‘-ಇಂಗ್’ ಬೇಕು: ‘ದ ವಾಟರ್ ಈಸ್ ಬಾಯ್ಲಿಂಗ್’. ‘ನೋ’, ‘ವಾಂಟ್’, ‘ಬಿಲಾಂಗ್’ ಇಂಥ ಪದಗಳು ಕೆಲಸಗಳಲ್ಲ, ಸ್ಥಿತಿಗಳು. ಹಾಗಾಗಿ ಅವಕ್ಕೆ ‘-ಇಂಗ್’ ಹತ್ತುವುದಿಲ್ಲ. ‘ಐ ಆಮ್ ನಾಟ್ ನೋಯಿಂಗ್’ ಎನ್ನದೆ ‘ಐ ಡೋಂಟ್ ನೋ’ ಎನ್ನಬೇಕು.

ಆಗಿಹೋದದ್ದಕ್ಕೂ ವರ್ತಮಾನ ಬರುವ ಜಾಗಗಳಿವೆ. ಇಂಗ್ಲಿಷ್ ಪತ್ರಿಕೆಯ ತಲೆಬರಹ ನೋಡಿ. ಮಂತ್ರಿ ನಿನ್ನೆ ರಾಜೀನಾಮೆ ಕೊಟ್ಟಿದ್ದರೂ ‘ಮಿನಿಸ್ಟರ್ ರಿಸೈನ್ಸ್’ ಎಂದಿರುತ್ತದೆ. ಕೆಳಗೆ ವರದಿ ಶುರುವಾದ ಕೂಡಲೇ ‘ರಿಸೈನ್ಡ್’ ಆಗುತ್ತದೆ. ಆಟದ ಕಾಮೆಂಟರಿಯಲ್ಲಿ ಚೆಂಡು ಆಗಲೇ ಗೆರೆ ದಾಟಿದ್ದರೂ ‘ಹಿ ಶೂಟ್ಸ್, ಹಿ ಸ್ಕೋರ್ಸ್’. ಕಾದಂಬರಿಯ ಕಥೆಯನ್ನು ಸಾರವಾಗಿ ಹೇಳುವಾಗಲೂ ವರ್ತಮಾನವೇ ರೂಢಿ: ನಾಯಕಿ ಮನೆ ಬಿಟ್ಟು ಹೋಗುತ್ತಾಳೆ, ‘ಶಿ ಲೀವ್ಸ್ ಹೋಮ್’. ಪುಸ್ತಕ ತೆರೆದಾಗಲೆಲ್ಲ ಅವಳು ಮತ್ತೆ ಮನೆ ಬಿಡುತ್ತಾಳೆ, ಆ ಘಟನೆಗೆ ಬೇಲಿಯೇ ಇಲ್ಲ. ಅದೇ ಕಾದಂಬರಿಯನ್ನು ಬರೆದವರ ಬದುಕಿಗೆ ಬೇಲಿ ಇದೆ. ಅವರು ಹುಟ್ಟಿದ್ದು, ಬರೆದದ್ದು, ತೀರಿಕೊಂಡದ್ದು ಎಲ್ಲ ಭೂತಕಾಲ. ಒಂದೇ ಪ್ಯಾರಾದಲ್ಲಿ ಲೇಖಕರು ಭೂತಕಾಲದಲ್ಲಿ, ಪಾತ್ರಗಳು ವರ್ತಮಾನದಲ್ಲಿ ಇರುವುದು ಹೀಗೆ. ಅದು ತಪ್ಪಲ್ಲ.

ವಿಜ್ಞಾನದ ವರದಿಗಳಲ್ಲೂ ಇದೇ ಹಂಚಿಕೆ. ನೀರು ಕಾಯಿಸಿದೆವು, ಅಳೆದೆವು, 98 ಡಿಗ್ರಿ ಬಂತು. ಇವು ಆ ದಿನದ ಕೆಲಸ, ಭೂತಕಾಲ. ಎತ್ತರಕ್ಕೆ ಹೋದಂತೆ ನೀರು ಕುದಿಯುವ ಉಷ್ಣತೆ ಕಡಿಮೆಯಾಗುತ್ತದೆ. ಇದು ಎಲ್ಲ ದಿನಗಳ ಮಾತು, ವರ್ತಮಾನ.

ಬಂದಾಗ, ಬಂದ ಮೇಲೆ, ಬಂದರೆ

‘ನಾಳೆ ಅವನು ಬಂದಾಗ ಹೇಳುತ್ತೇನೆ.’ ಬರುವುದು ನಾಳೆ. ಆದರೆ ‘ಬಂದಾಗ’ದೊಳಗೆ ಇರುವುದು ‘ಬಂದ’, ಭೂತಕಾಲದ ರೂಪ. ‘ಬಂದ ಮೇಲೆ’, ‘ಬಂದರೆ’ ಕೂಡ ಹಾಗೇ. ಇಂಗ್ಲಿಷ್ ಇಲ್ಲಿ ವರ್ತಮಾನ ಇಡುತ್ತದೆ: ‘ವೆನ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್’. ‘ಆಫ್ಟರ್ ಹಿ ಕಮ್ಸ್’, ‘ಇಫ್ ಹಿ ಕಮ್ಸ್’. ಎರಡೂ ಭಾಷೆಗಳು ಇಲ್ಲಿ ಭವಿಷ್ಯದ ರೂಪ ಬಳಸುವುದಿಲ್ಲ ಎನ್ನುವುದು ನನಗೆ ತುಂಬ ಇಷ್ಟವಾದ ಸಂಗತಿ. ಕನ್ನಡದಲ್ಲಿ ‘ಬರುತ್ತಾನೆ’ಯನ್ನು ಹಾಗೇ ಇಟ್ಟು ‘ಆಗ’ ಸೇರಿಸುವುದಿಲ್ಲವಲ್ಲ, ಇಂಗ್ಲಿಷಿನಲ್ಲೂ ‘ವೆನ್ ಹಿ ವಿಲ್ ಕಮ್, ಐ ವಿಲ್ ಟೆಲ್ ಹಿಮ್’ ಎನ್ನುವುದಿಲ್ಲ. ನಮಗೆ ಈ ತಪ್ಪು ಬರುವುದು ಕನ್ನಡದಿಂದ ಅಲ್ಲ, ನಾಳೆಯ ಮಾತಿಗೆ ‘ವಿಲ್’ ಹಾಕಲೇಬೇಕು ಎಂಬ ಪಾಠದಿಂದ.

ಇನ್ನೊಬ್ಬರ ಮಾತು

ಕನ್ನಡಕ್ಕೆ ‘ಅಂತ’ ಎಂಬ ದೊಡ್ಡ ಅನುಕೂಲ ಇದೆ. ‘ನಾನು ಬರ್ತೀನಿ ಅಂತ ಹೇಳಿದ.’ ಅವನ ಮಾತನ್ನು ಅವನ ಕಾಲದಲ್ಲೇ ಎತ್ತಿ ತಂದು ಇಡುತ್ತೇವೆ. ಇಂಗ್ಲಿಷ್ ಹಾಗೆ ಬಿಡುವುದಿಲ್ಲ. ‘ಹಿ ಸೆಡ್’ ಎಂದು ಬೇಲಿ ಹಾಕಿದ ಮೇಲೆ ಒಳಗಿನ ಮಾತೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ‘ವಿಲ್’ ಇದ್ದದ್ದು ‘ವುಡ್’, ‘ಆಮ್’ ಇದ್ದದ್ದು ‘ವಾಸ್’: ‘ಹಿ ಸೆಡ್ ಹಿ ವುಡ್ ಕಮ್’. ಆ ಮಾತು ಈಗಲೂ ನಿಜವಾಗಿದ್ದರೆ ಸರಿಸದೆ ಬಿಡಬಹುದು. ‘ಶಿ ಟೋಲ್ಡ್ ಮಿ ಶಿ ಈಸ್ ಅ ಡಾಕ್ಟರ್’, ‘ಶಿ ಟೋಲ್ಡ್ ಮಿ ಶಿ ವಾಸ್ ಅ ಡಾಕ್ಟರ್’, ಎರಡೂ ಸರಿ. ‘ಈಸ್’ ಎಂದಾಗ ಆ ಮಾತನ್ನು ನಾನೂ ಒಪ್ಪಿದ್ದೇನೆ ಎಂಬ ಛಾಯೆ ಇರುತ್ತದೆ. ‘ವಾಸ್’ ಎಂದಾಗ ಅದು ಅವಳ ಮಾತಾಗಿಯೇ ಉಳಿಯುತ್ತದೆ. ಅನುಮಾನವಿದ್ದಾಗ ಹಿಂದೆ ಸರಿಸಿದ ರೂಪ ಬಳಸಿ, ಅದು ತಪ್ಪಾಗುವುದು ಕಡಿಮೆ.

ದೂರದ ಕಾಲ

ಕೆಲವು ವಾಕ್ಯಗಳಲ್ಲಿ ಭೂತಕಾಲಕ್ಕೂ ಕಳೆದ ಸಮಯಕ್ಕೂ ಸಂಬಂಧವೇ ಇರುವುದಿಲ್ಲ. ‘ಇಫ್ ಐ ಹ್ಯಾಡ್ ಟೈಮ್, ಐ ವುಡ್ ಲರ್ನ್ ಮ್ಯೂಸಿಕ್.’ ಸಮಯ ಇದ್ದಿದ್ದರೆ ಸಂಗೀತ ಕಲಿಯುತ್ತಿದ್ದೆ. ‘ಹ್ಯಾಡ್’ ಭೂತಕಾಲದ ರೂಪ, ಆದರೆ ಹೇಳುತ್ತಿರುವುದು ಇವತ್ತಿನ ಕೊರತೆಯನ್ನು. ‘ಐ ವಿಶ್ ಐ ನ್ಯೂ’ ಎಂದರೆ ಈಗ ಗೊತ್ತಿಲ್ಲ ಎಂದು. ಇಲ್ಲಿ ಭೂತಕಾಲ ತೋರಿಸುತ್ತಿರುವುದು ಹಿಂದಿನದನ್ನಲ್ಲ, ನಿಜದಿಂದ ದೂರ ಇರುವುದನ್ನು. ಹಾಗಾಗಿಯೇ ‘ಇಫ್ ಐ ವರ್ ಯು’ ಎಂಬಲ್ಲಿ ‘ಐ’ಗೆ ‘ವರ್’ ಬಂದು ಕೂರುತ್ತದೆ. ನಾನು ನೀನಾಗುವುದಂತೂ ಸಾಧ್ಯವಿಲ್ಲ.

ಇನ್ನೊಂದು ದೂರ, ಮರ್ಯಾದೆಯ ದೂರ. ‘ಐ ವಾಂಟೆಡ್ ಟು ಆಸ್ಕ್ ಯು ಸಮ್‌ಥಿಂಗ್.’ ಕೇಳಬೇಕು ಅನ್ನಿಸಿರುವುದು ಈಗಲೇ, ಆದರೂ ‘ವಾಂಟೆಡ್’. ಇದು ವಿಚಿತ್ರ ಅನ್ನಿಸಿದರೆ ನಿಮ್ಮದೇ ಮಾತನ್ನು ಒಮ್ಮೆ ಕೇಳಿಸಿಕೊಳ್ಳಿ: ‘ನಿಮ್ಮ ಹತ್ತಿರ ಒಂದು ಮಾತು ಕೇಳಬೇಕಿತ್ತು’. ‘ಒಂದು ಸಹಾಯ ಆಗಬೇಕಿತ್ತು’. ‘ಬೇಕು’ ಎಂದರೆ ಎದುರಿನವರ ಮೇಲೆ ಸ್ವಲ್ಪ ಒತ್ತಡ ಬೀಳುತ್ತದೆ. ‘ಬೇಕಿತ್ತು’ ಎಂದಾಗ ಬೇಡಿಕೆ ಒಂದು ಹೆಜ್ಜೆ ಹಿಂದೆ ನಿಲ್ಲುತ್ತದೆ, ಇಲ್ಲ ಎನ್ನಲು ಅವರಿಗೆ ಜಾಗ ಸಿಗುತ್ತದೆ. ಇಂಗ್ಲಿಷಿನ ‘ಕುಡ್ ಯು’, ‘ವುಡ್ ಯು’ ಕೂಡ ಇದೇ ಕೆಲಸ ಮಾಡುತ್ತವೆ. ‘ಬೇಕಿತ್ತು’ ಎಂದು ಹೇಳಲು ಬರುವವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಬರೆದದ್ದನ್ನು ತಿದ್ದುವಾಗ

ಮೊದಲು ರೂಪದ ಒಂದೆರಡು ಮಾತು. ಒಂದು ಕ್ರಿಯೆಗೆ ಭೂತಕಾಲದ ಗುರುತು ಒಂದೇ ಸಲ. ‘ಡಿಡ್’ ಬಂದಮೇಲೆ ‘ಗೋ’ ಸಾಕು, ‘ಡಿಡ್ ಯು ವೆಂಟ್’ ಬೇಡ. ‘ಪುಟ್’, ‘ಕಟ್’, ‘ಹಿಟ್’ ಎರಡೂ ಕಾಲದಲ್ಲಿ ಒಂದೇ ಥರ ಇರುತ್ತವೆ. ‘ಹಿ ಪುಟ್’ ಎಂದಿದ್ದರೆ ಭೂತಕಾಲ, ‘ಹಿ ಪುಟ್ಸ್’ ಎಂದಿದ್ದರೆ ವರ್ತಮಾನ. ‘ರೀಡ್’ ಎಂಬುದರ ಭೂತಕಾಲಕ್ಕೂ ಅದೇ ಅಕ್ಷರಗಳು, ಓದುವಾಗ ಮಾತ್ರ ‘ರೆಡ್’.

ಒಂದು ಬರಹದಲ್ಲಿ ಕಾಲ ಬದಲಿಸಲೇಬಾರದು ಎಂದು ಕೆಲವರು ಹೇಳಿಕೊಡುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಬದಲಾಯಿಸಬಹುದು, ಆದರೆ ಪ್ರತಿ ಬದಲಾವಣೆಗೂ ಒಂದು ಕಾರಣ ಇರಬೇಕು. ಈ ಚಿಕ್ಕ ಬರಹವನ್ನೇ ತೆಗೆದುಕೊಳ್ಳೋಣ:

‘ಇನ್ 2015 ಐ ಮೂವ್ಡ್ ಟು ಅ ಸ್ಮಾಲ್ ಟೌನ್. ಮೈ ಹೌಸ್ ವಾಸ್ ನಿಯರ್ ಅ ಲೇಕ್. ದ ಓಲ್ಡ್ ಮ್ಯಾನ್ ನೆಕ್ಸ್ಟ್ ಡೋರ್ ಟಾಟ್ ಮಿ ದ ನೇಮ್ಸ್ ಆಫ್ ಬರ್ಡ್ಸ್. ಹಿ ನೋಸ್ ಮೋರ್ ದ್ಯಾನ್ ಅ ಹಂಡ್ರೆಡ್. ಹಿ ಸೆಡ್ ದೆ ಕಮ್ ಎವೆರಿ ವಿಂಟರ್. ಐ ಸ್ಟಿಲ್ ಹ್ಯಾವ್ ಮೈ ನೋಟ್‌ಬುಕ್.’

2015 ಎಂಬ ಬೇಲಿ ಮೊದಲ ವಾಕ್ಯದಲ್ಲೇ ಇದೆ, ಹಾಗಾಗಿ ‘ಮೂವ್ಡ್’. ಮನೆ ಈಗಲೂ ಕೆರೆಯ ಪಕ್ಕದಲ್ಲೇ ಇರಬಹುದು, ಆದರೆ ನಾವು ಕಥೆಯ ಒಳಗಿದ್ದೇವೆ, ಹಾಗಾಗಿ ‘ವಾಸ್’. ಕಲಿಸಿದ್ದು ಆಗ, ‘ಟಾಟ್’. ಹಕ್ಕಿಗಳು ಪ್ರತಿ ಚಳಿಗಾಲಕ್ಕೂ ಬರುತ್ತವೆ, ಈಗಲೂ ಬರುತ್ತವೆ. ಆದ್ದರಿಂದ ‘ಸೆಡ್’ ಆದಮೇಲೂ ‘ಕಮ್’ ನಿಲ್ಲುತ್ತದೆ. ‘ಕೇಮ್’ ಎಂದಿದ್ದರೂ ತಪ್ಪಲ್ಲ. ನೋಟ್‌ಬುಕ್ ಇವತ್ತು ನನ್ನ ಹತ್ತಿರ ಇದೆ, ‘ಹ್ಯಾವ್’.

ಉಳಿದದ್ದು ‘ನೋಸ್’. ‘ನ್ಯೂ’ ಎಂದು ಬರೆದಿದ್ದರೂ ವ್ಯಾಕರಣಕ್ಕೆ ಅಡ್ಡಿಯಿಲ್ಲ, ಕಥೆಯ ಬೇಲಿಯೊಳಗೆ ಅದು ಸರಿಯಾಗಿಯೇ ಕೂರುತ್ತಿತ್ತು. ಆದರೆ ‘ನೋಸ್’ ಎಂಬ ಒಂದು ಪದ ಓದುವವರಿಗೆ ಇನ್ನೊಂದು ಸುದ್ದಿಯನ್ನೂ ಮುಟ್ಟಿಸುತ್ತದೆ. ಪಕ್ಕದ ಮನೆಯ ಆ ಅಜ್ಜ ಇನ್ನೂ ಇದ್ದಾರೆ, ನೂರಕ್ಕಿಂತ ಜಾಸ್ತಿ ಹಕ್ಕಿಗಳ ಹೆಸರು ಅವರಿಗೆ ಈಗಲೂ ನೆನಪಿದೆ.